ಪೇಂಟ್ ಮೇಲಿನ ಗೀರು ತೆಗೆಯಲು ಯಾವ ಪ್ಯಾಡ್: ಉಣ್ಣೆಯೋ, ಮೈಕ್ರೋಫೈಬರೋ, ಫೋಮೋ?

ಮಂಡ್ಯ ಕಲ್ಲಹಳ್ಳಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಕಡುನೀಲಿ ಬಣ್ಣದ, ಐದು ವರ್ಷ ಹಳೆಯ ಸೆಡಾನ್ ಕಾರಿದೆ. ಇಲ್ಲಿಯ ಕೊಳವೆ ಬಾವಿಯ ಗಡಸು ನೀರು ಮೈಮೇಲೆಯೇ ಒಣಗುತ್ತಾ ಬಂದು ಬಾನೆಟ್ ಮತ್ತು ಟಾಪ್ ಮೇಲೆ ಬಿಳಿ ಕಲೆಗಳು ಉಂಗುರ ಉಂಗುರವಾಗಿ ಕೂತಿವೆ. ಅದಲ್ಲದೆ ಬಿಸಿಲಿನಲ್ಲಿ ನಿಲ್ಲಿಸಿ ನೋಡಿದರೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ಸಣ್ಣ ಗೀರುಗಳು ಹರಡಿಕೊಂಡಿರುವುದು ಕಾಣುತ್ತದೆ. ಇದನ್ನು ನಾನೇ ಸರಿಪಡಿಸಬೇಕೆಂದು 15 ಮಿಲಿಮೀಟರ್ ಥ್ರೋ (ಓಲಾಟದ ಅಗಲ) ಇರುವ ಡಿಎ, ಅಂದರೆ ಓಲಾಡುತ್ತಲೇ ತಿರುಗುವ ಡ್ಯುಯಲ್ ಆಕ್ಷನ್ ಪಾಲಿಶಿಂಗ್ ಮೆಷಿನ್ ಕೊಂಡಿದ್ದೇನೆ. ಪ್ಯಾಡನ್ನು ಅಂಟಿಸುವ ಅದರ ಬ್ಯಾಕಿಂಗ್ ಪ್ಲೇಟ್ 5 ಇಂಚಿನದು. ತೊಡಕು ಇರುವುದು ಪ್ಯಾಡ್ ವಿಷಯದಲ್ಲಿ. ಒಬ್ಬರು ಉಣ್ಣೆಯ ಪ್ಯಾಡ್ ಇಲ್ಲದೆ ಕೆಲಸವೇ ಆಗದು ಎನ್ನುತ್ತಾರೆ, ಇನ್ನೊಬ್ಬರು ಅದನ್ನು ಮುಟ್ಟಲೇಬೇಡಿ ಎನ್ನುತ್ತಾರೆ, ಅಂಗಡಿಯವರು ಹಳದಿ, ಕಿತ್ತಳೆ, ಬಿಳಿ, ಕಪ್ಪು ಫೋಮ್ ಪ್ಯಾಡ್‌ಗಳ ಒಂದು ಸೆಟ್ ತೋರಿಸಿ ಇಷ್ಟಿದ್ದರೆ ಸಾಕು ಎನ್ನುತ್ತಾರೆ. ಯಾವುದರಿಂದ ಆರಂಭಿಸಬೇಕು, ಎಷ್ಟು ಕೊಳ್ಳಬೇಕು ಎಂಬುದನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಹೆಬ್ಬಾಳ ಡೀಟೇಲರ್ (ಮೈಸೂರು):

ನಮಸ್ಕಾರ ಸರ್. ನಾನು ಇದೇ ಕೆಲಸದಲ್ಲಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೆಚ್ಚಿನವರು ಕಾಂಪೌಂಡ್ (ಒರಟು ಪಾಲಿಶ್) ಯಾವುದು ಎಂದು ಮೊದಲು ಕೇಳುತ್ತಾರೆ, ಪ್ಯಾಡ್ ಬಗ್ಗೆ ಆಮೇಲೆ ವಿಚಾರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮ ತಲೆಕೆಳಗಾಗಬೇಕು. ಒಂದೇ ಪಾಲಿಶನ್ನು ಮೃದುವಾದ ಫೋಮ್ ಮೇಲೆ ಹಾಕಿದರೆ ಹೊಳಪು ಮಾತ್ರ ಬರುತ್ತದೆ. ಅದನ್ನೇ ಮೈಕ್ರೋಫೈಬರ್ ಪ್ಯಾಡ್ ಮೇಲೆ ಹಾಕಿದರೆ ಗೀರುಗಳು ಕಣ್ಣೆದುರೇ ಕರಗುತ್ತವೆ. ಪಾಲಿಶಿನೊಳಗಿರುವ ಅಪಘರ್ಷಕ ಕಣಗಳನ್ನು ಪೇಂಟಿಗೆ ಎಷ್ಟು ಬಿಗಿಯಾಗಿ ಒತ್ತಿ ಹಿಡಿಯಬೇಕು, ಎಷ್ಟು ಕಣಗಳು ಒಟ್ಟಿಗೆ ಪೇಂಟನ್ನು ತಾಗಬೇಕು ಎಂಬುದನ್ನು ತೀರ್ಮಾನಿಸುವುದು ಪ್ಯಾಡ್.

ಉಣ್ಣೆಯ ಎಳೆಗಳ ನಡುವೆ ಗಾಳಿಯಾಡುವುದರಿಂದ ಅದು ವೇಗವಾಗಿ ಕತ್ತರಿಸಿದರೂ ಮೇಲ್ಮೈ ತೀರ ಬಿಸಿಯಾಗುವುದಿಲ್ಲ, ಆದರೆ ಹಿಂದೆ ತನ್ನದೇ ಗುರುತು ಬಿಟ್ಟು ಹೋಗುತ್ತದೆ. ಮೈಕ್ರೋಫೈಬರ್ ಪ್ಯಾಡಿನಲ್ಲಿ ತೆಳುವಾದ ಫೋಮ್ ಪದರದ ಮೇಲೆ ಸಣ್ಣ ಎಳೆಗಳಿರುತ್ತವೆ. ಪ್ರತಿಯೊಂದು ಎಳೆಯ ತುದಿಯೂ ಕಣಗಳನ್ನು ಹಿಡಿದುಕೊಳ್ಳುವುದರಿಂದ ಡಿಎ ಮೆಷಿನ್‌ನಲ್ಲಿ ಇದರ ಕತ್ತರಿಸುವ ಶಕ್ತಿ ಚೆನ್ನಾಗಿದೆ. ಆದರೆ ಮೆದು ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಇರುವ ಕಾರುಗಳಲ್ಲಿ ಇದು ತೆಳುವಾದ ಮಬ್ಬನ್ನು ಉಳಿಸುತ್ತದೆ, ಅದನ್ನು ತೆಗೆಯಲು ಇನ್ನೊಂದು ಸುತ್ತು ಬೇಕೇ ಬೇಕು. ಫೋಮ್ ಪ್ಯಾಡುಗಳಲ್ಲಿ ಗಟ್ಟಿ, ಮಧ್ಯಮ, ಮೃದು ಎಂಬ ಶ್ರೇಣಿ ಇದೆ, ಮತ್ತು ಹೊಸದಾಗಿ ಕಲಿಯುವವರಿಗೆ ಇವೇ ಹೆಚ್ಚು ಹಿಡಿತಕ್ಕೆ ಸಿಗುತ್ತವೆ.

ತಮ್ಮ ಕಾರಿಗೆ ನಾನು ಹೇಳುವುದು ಇಷ್ಟು. ಪ್ಯಾಡ್ ಕೈಗೆತ್ತಿಕೊಳ್ಳುವ ಮೊದಲು ನೀರಿನ ಕಲೆಯ ಖನಿಜಾಂಶವನ್ನು ರಾಸಾಯನಿಕವಾಗಿ ಕರಗಿಸಿ. ಇದಕ್ಕೆಂದೇ ಬರುವ ಆಮ್ಲೀಯ ವಾಟರ್ ಸ್ಪಾಟ್ ರಿಮೂವರ್ ಅಥವಾ ನೀರು ಬೆರೆಸಿದ ಬಿಳಿ ವಿನೆಗರ್ ಬಳಸಿ, ನೆರಳಿನಲ್ಲಿ ತಣ್ಣಗಿರುವ ಪ್ಯಾನೆಲ್ ಮೇಲೆ ಮಾತ್ರ ಹಚ್ಚಿ, ಒಣಗಲು ಬಿಡದೆ ತೊಳೆಯಿರಿ. ಆಮೇಲೆ ಮೇಲ್ಮೈಗೆ ಅಂಟಿದ ಕೊಳೆಯನ್ನು ಎತ್ತುವ ಜೇಡಿಮಣ್ಣಿನಂಥ ಕ್ಲೇ ಬಾರ್ ಓಡಿಸಿ. ಸುಣ್ಣದ ಪೊರೆಯನ್ನು ಹಾಗೆಯೇ ಬಿಟ್ಟು ಪಾಲಿಶ್ ಮಾಡಿದರೆ ಅದೇ ಪ್ಯಾಡಿನೊಳಗೆ ಸೇರಿ ಹೊಸ ಗೀರು ಎಳೆಯುತ್ತದೆ. ನಂತರ ಬಾನೆಟ್ ಮೇಲೆ ಒಂದೂವರೆ ಅಡಿ ಚೌಕದ ಜಾಗಕ್ಕೆ ಟೇಪ್ ಹಾಕಿ, ಮಧ್ಯಮ ಫೋಮ್ ಪ್ಯಾಡ್ ಮತ್ತು ನಯವಾದ ಪಾಲಿಶ್ ಜೊತೆ ಪರೀಕ್ಷೆ ಮಾಡಿ. ಮುಕ್ಕಾಲು ಪಾಲು ಗೀರು ಹೋದರೆ ಅಲ್ಲಿಗೆ ನಿಲ್ಲಿಸಿ, ಇಡೀ ಕಾರಿಗೆ ಅದನ್ನೇ ಅನ್ವಯಿಸಿ. ಹೋಗದಿದ್ದರೆ ಪಾಲಿಶ್ ಬದಲಿಸದೆ ಪ್ಯಾಡ್ ಮಾತ್ರ ಬದಲಿಸಿ ನೋಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಫಲ ಬಂದದ್ದು ಯಾವುದರಿಂದ ಎಂಬುದೇ ತಿಳಿಯುವುದಿಲ್ಲ.

ಬನ್ನಿಮಂಟಪದ ಪೇಂಟರ್ (ಮೈಸೂರು):

ಡೀಟೇಲರ್ ಅವರ ಮಾತನ್ನು ಗೌರವದಿಂದಲೇ ಓದಿದೆ, ಆದರೆ ಉಣ್ಣೆಯ ಬಗ್ಗೆ ಒಂದೇ ಮಾತಿನಲ್ಲಿ ಮುಗಿಸಿರುವುದು ನನಗೆ ಸರಿಕಾಣಲಿಲ್ಲ. ನಾವು ಟಿಂಕರಿಂಗ್, ಪೇಂಟಿಂಗ್ ಮಾಡುವವರು. ಹೊಸದಾಗಿ ಪೇಂಟ್ ಹೊಡೆದ ಡೋರ್ ಮೇಲೆ ಧೂಳಿನ ಕಣ ಕೂತಿದ್ದರೆ 2000 ನಂಬರಿನ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದ) ಉಜ್ಜಿ, ಆ ಉಜ್ಜಿದ ಗುರುತು ಹೋಗುವ ತನಕ ರಬ್ಬಿಂಗ್ ಮಾಡಬೇಕು. ಈ ಕೆಲಸಕ್ಕೆ ಫೋಮ್ ಹಿಡಿದು ನಿಂತರೆ ಅರ್ಧ ದಿನ ಹೋಗುತ್ತದೆ, ಅಷ್ಟು ಹೊತ್ತು ಒಂದೇ ಜಾಗದಲ್ಲಿ ಒತ್ತಿದರೆ ಪೇಂಟ್ ಬಿಸಿಯಾಗಿ ಕೆಡುವ ಅಪಾಯವೂ ಇದೆ. ಓಲಾಡದೆ ನೇರವಾಗಿ ತಿರುಗುವ ರೋಟರಿ ಮೆಷಿನ್‌ಗೆ ಉಣ್ಣೆ ಪ್ಯಾಡ್ ಹಾಕಿ, ವೇಗವನ್ನು ನಿಮಿಷಕ್ಕೆ ಸಾವಿರದಿಂದ ಹದಿನೈದುನೂರು ಸುತ್ತಿನೊಳಗೆ ಇಟ್ಟು, ಕೈಯನ್ನು ಎಲ್ಲಿಯೂ ನಿಲ್ಲಿಸದೆ ಆಡಿಸಿದರೆ ಕೆಲವೇ ನಿಮಿಷಗಳಲ್ಲಿ ಗುರುತು ಮಾಯವಾಗುತ್ತದೆ.

ಉಣ್ಣೆಯಿಂದ ಪೇಂಟ್ ಹಾಳಾಯಿತು ಎಂದು ದೂರುವ ಕಡೆಗಳಲ್ಲೆಲ್ಲ ನಾನು ಕಂಡದ್ದು ಒಣಗಿ ಗಂಟುಗಟ್ಟಿದ, ಹಳೆಯ ಕಾಂಪೌಂಡ್ ಮೆತ್ತಿಕೊಂಡ ಪ್ಯಾಡುಗಳನ್ನೇ. ಉಣ್ಣೆಯನ್ನು ಆಗಾಗ ಸ್ಪರ್ ಎಂಬ ಹಲ್ಲುಚಕ್ರದಿಂದಲೋ ಗಟ್ಟಿ ಬ್ರಷ್‌ನಿಂದಲೋ ಬಿಡಿಸಿ ಎಳೆಗಳನ್ನು ನಿಲ್ಲಿಸಿಕೊಂಡರೆ ಅದರಷ್ಟು ಒಳ್ಳೆಯ ಪ್ಯಾಡ್ ಇನ್ನೊಂದಿಲ್ಲ. ಕೆಲಸ ಮುಗಿದ ಮೇಲೆ ಫೋಮ್‌ನಿಂದ ಒಂದು ಸುತ್ತು ಹಾಕುವುದು ಇದ್ದೇ ಇದೆ.

ಹೆಬ್ಬಾಳ ಡೀಟೇಲರ್:

ಪೇಂಟರ್ ಅಣ್ಣನವರು ಹೇಳಿದ ಸಂದರ್ಭದಲ್ಲಿ ನನಗೂ ಭಿನ್ನಾಭಿಪ್ರಾಯವಿಲ್ಲ. ವಾಟರ್ ಪೇಪರಿನ ಗುರುತು ತೆಗೆಯಲು ಉಣ್ಣೆಯೇ ಸರಿ. ಆದರೆ ಪ್ರಶ್ನೆ ಕೇಳಿದವರ ಕಾರಿನ ಮೇಲಿರುವುದು ಕಾರ್ಖಾನೆಯ ಪೇಂಟ್ ಎಂಬುದನ್ನು ನಾವು ಮರೆಯಬಾರದು. ವರ್ಕ್‌ಶಾಪಿನಲ್ಲಿ ಕ್ಲಿಯರ್ ಕೋಟನ್ನು ಎರಡು ಮೂರು ಕೈ ದಪ್ಪವಾಗಿ ಹೊಡೆಯುವುದರಿಂದ ಅಲ್ಲಿ ಕತ್ತರಿಸಲು ಅವಕಾಶ ಹೆಚ್ಚು. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಪ್ರೈಮರ್, ಬೇಸ್ ಕೋಟ್, ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಇರುತ್ತದೆ, ಅದರಲ್ಲಿ ಕ್ಲಿಯರ್ ಕೋಟ್ ಪಾಲು 40-50 ಮೈಕ್ರಾನ್ ಆಸುಪಾಸಿನಲ್ಲಿ ಮಾತ್ರ. ಕಾರಿನ ಆಯುಷ್ಯದುದ್ದಕ್ಕೂ ಬಿಸಿಲನ್ನು ತಡೆಯಬೇಕಾದದ್ದು ಇದೇ ಪದರ. ಒಮ್ಮೆ ತೆಗೆದದ್ದು ಮತ್ತೆ ಬೆಳೆಯುವುದಿಲ್ಲವಾದ್ದರಿಂದ, ಇವತ್ತು ನಾವು ಬಲವಾದ ಪ್ಯಾಡ್ ಹಿಡಿದು ಅನಗತ್ಯವಾಗಿ ತೆಗೆಯುವ ಪ್ರತಿ ಮೈಕ್ರಾನ್ ಕೂಡ ಇನ್ನು ಐದು ವರ್ಷದ ನಂತರ ಇದೇ ಕಾರನ್ನು ಮತ್ತೆ ಸರಿಪಡಿಸುವವರಿಗೆ ಉಳಿಯಬೇಕಾದ ಅವಕಾಶ.

ಇದೇ ಕಾರಣಕ್ಕೆ ನಾನು ಯಾವಾಗಲೂ ಮೃದುವಿನಿಂದ ಗಟ್ಟಿಯ ಕಡೆಗೆ ಹೋಗುತ್ತೇನೆ. ಗಿರಾಕಿಗಳು ಆಯುಧಪೂಜೆಗೆ ಮೊದಲು ಬಂದು ಒಂದೇ ದಿನದಲ್ಲಿ ಕನ್ನಡಿಯಂತೆ ಮಾಡಿಕೊಡಿ ಎಂದು ಕೇಳುವುದು, ಪೂಜೆಯ ಮಾರನೆಯ ದಿನ ಒಣಗಿದ ಅರಿಶಿನ, ಕುಂಕುಮ, ವಿಭೂತಿಯನ್ನು ನೀರು ಹಾಕದೆ ಬಟ್ಟೆಯಿಂದ ಉಜ್ಜಿ ಮತ್ತೆ ಅದೇ ಗೀರುಗಳನ್ನು ತಂದುಕೊಳ್ಳುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ಪ್ರತಿ ವರ್ಷ ಬಲವಾದ ರಬ್ಬಿಂಗ್ ತಾಳಿಕೊಳ್ಳುವಷ್ಟು ಕ್ಲಿಯರ್ ಕೋಟ್ ಯಾವ ಕಾರಿನಲ್ಲಿಯೂ ಇರುವುದಿಲ್ಲ.

ಬೋಗಾದಿ ರಸ್ತೆ (ಮೈಸೂರು):

ನಾನು ವೃತ್ತಿಯಿಂದ ಮೆಕ್ಯಾನಿಕಲ್ ಇಂಜಿನಿಯರ್, ಬಿಡುವಿನಲ್ಲಿ ನನ್ನ ಮತ್ತು ಸ್ನೇಹಿತರ ಕಾರುಗಳನ್ನು ಪಾಲಿಶ್ ಮಾಡುವವನು. ಪ್ಯಾಡಿನ ವಸ್ತುವಿನ ಬಗ್ಗೆ ಚರ್ಚೆ ನಡೆದಿದೆ, ಅದರ ಆಕಾರದ ಬಗ್ಗೆ ಯಾರೂ ಹೇಳಿಲ್ಲ.

ಡಿಎ ಮೆಷಿನ್ ಎರಡು ಚಲನೆಗಳನ್ನು ಕೂಡಿಸಿ ಕೆಲಸ ಮಾಡುತ್ತದೆ: ಪ್ಲೇಟ್ ಒಂದು ಸಣ್ಣ ವೃತ್ತದಲ್ಲಿ ಓಲಾಡುತ್ತಲೇ ತನ್ನ ಸುತ್ತ ತಿರುಗುತ್ತದೆ. ಓಲಾಟ ಮೋಟಾರಿನ ಬಲದಿಂದ ಆಗುತ್ತದೆ, ಆದರೆ ಸಾಮಾನ್ಯ ಡಿಎ ಮೆಷಿನ್‌ನಲ್ಲಿ ತಿರುಗುವಿಕೆ ಮುಕ್ತವಾದದ್ದು. ಹೆಚ್ಚು ಒತ್ತಿದರೆ ಅಥವಾ ಪ್ಯಾಡ್ ಓರೆಯಾದರೆ ಅದು ನಿಂತೇ ಹೋಗುತ್ತದೆ. ತಿರುಗದ ಪ್ಯಾಡ್ ಅಲ್ಲಿಯೇ ನಡುಗುತ್ತಿರುತ್ತದೆ, ಗೀರು ತೆಗೆಯುವುದಿಲ್ಲ. ಬ್ಯಾಕಿಂಗ್ ಪ್ಲೇಟಿನ ಅಂಚಿನಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆದುಕೊಳ್ಳಿ, ತಿರುಗುತ್ತಿದೆಯೋ ಇಲ್ಲವೋ ಎಂಬುದು ಕೆಲಸ ಮಾಡುವಾಗಲೇ ಕಾಣುತ್ತದೆ.

ಪ್ಯಾಡಿನ ದಪ್ಪ ಇಲ್ಲಿ ಮುಖ್ಯವಾಗುತ್ತದೆ. ದಪ್ಪ ಫೋಮ್ ಮೆಷಿನ್ನಿನ ಓಲಾಟವನ್ನು ತನ್ನೊಳಗೇ ನುಂಗಿಕೊಳ್ಳುತ್ತದೆ, ಆದ್ದರಿಂದ ಪ್ಲೇಟ್ 15 ಮಿಲಿಮೀಟರ್ ಓಲಾಡಿದರೂ ಪೇಂಟಿನ ಮೇಲಿರುವ ಪ್ಯಾಡಿನ ಮುಖ ಅಷ್ಟು ಚಲಿಸುವುದಿಲ್ಲ. ತೆಳುವಾದ ಪ್ಯಾಡ್ ಚಲನೆಯನ್ನು ನೇರವಾಗಿ ಪೇಂಟಿಗೆ ಮುಟ್ಟಿಸುತ್ತದೆ. ಹಾಗೆಂದು ತೀರ ತೆಳುವಾದದ್ದು ಫೆಂಡರಿನ ಉಬ್ಬುತಗ್ಗುಗಳಿಗೆ ಒಗ್ಗುವುದಿಲ್ಲ. 5 ಇಂಚಿನ ಪ್ಲೇಟಿಗೆ ಐದೂವರೆ ಇಂಚಿನ, ಒಂದು ಇಂಚಿಗಿಂತ ಕಡಿಮೆ ದಪ್ಪದ ಪ್ಯಾಡ್ ನೋಡಿ. ಪ್ಯಾಡ್ ಪ್ಲೇಟಿಗಿಂತ ಸ್ವಲ್ಪ ದೊಡ್ಡದಿರಲೇಬೇಕು, ಇಲ್ಲವಾದರೆ ಪ್ಲೇಟಿನ ಗಟ್ಟಿ ಅಂಚು ಬಂಪರಿಗೋ ಕನ್ನಡಿಗೋ ತಾಗಿ ಆಳವಾದ ಗಾಯ ಮಾಡುತ್ತದೆ. ತೀರ ದೊಡ್ಡದಾದರೆ ಅದರ ಅಂಚಿಗೆ ಪ್ಲೇಟಿನ ಆಧಾರ ಸಿಗದೆ ಮಡಚಿಕೊಳ್ಳುತ್ತದೆ. ನಡುವೆ ತೂತು ಇರುವ ಪ್ಯಾಡ್ ಸಿಕ್ಕರೆ ಒಳ್ಳೆಯದು. ಶಾಖ ಹೆಚ್ಚಾಗಿ ಸೇರುವುದು ನಡುವಿನ ಭಾಗದಲ್ಲಿಯೇ, ವೆಲ್ಕ್ರೋ ಅಂಟು ಬಿಡುವುದೂ ಅಲ್ಲಿಂದಲೇ.

ಬಾಗಿಲ ಕಂಬಗಳು, ಹಿಡಿಕೆಯ ಸುತ್ತಮುತ್ತ, ನಂಬರ್ ಪ್ಲೇಟಿನ ಕೆಳಗೆ 3 ಇಂಚಿನ ಪ್ಯಾಡ್ ಬೇಕಾಗುತ್ತದೆ. ಅದಕ್ಕೆ ಬೇರೆ ಪ್ಲೇಟ್ ಬೇಕು; ತಮ್ಮ ಮೆಷಿನ್ ತಯಾರಕರು ಅದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆಯೇ ನೋಡಿಕೊಳ್ಳಿ, ಏಕೆಂದರೆ ಒಳಗಿನ ಸಮತೋಲನದ ತೂಕವನ್ನು ಒಂದು ನಿರ್ದಿಷ್ಟ ಪ್ಲೇಟಿಗೆ ಹೊಂದಿಸಿರುತ್ತಾರೆ. ಇಲ್ಲವಾದರೆ ಆ ಜಾಗಗಳನ್ನು ಕೈಯಿಂದಲೇ ಮಾಡಿ.

ಕುವೆಂಪುನಗರ (ಮೈಸೂರು):

ಈ ಚರ್ಚೆ ನನಗೂ ಬಹಳ ಉಪಯುಕ್ತವಾಗಿದೆ. ನನ್ನದೊಂದು ಸಣ್ಣ ಸಂದೇಹ: ಹಳದಿ ಎಂದರೆ ಗಟ್ಟಿ, ಕಪ್ಪು ಎಂದರೆ ಮೃದು ಎಂದು ಬಣ್ಣ ನೋಡಿಯೇ ಪ್ಯಾಡ್ ಆರಿಸಬಹುದಲ್ಲವೇ?

ಹೆಬ್ಬಾಳ ಡೀಟೇಲರ್:

ಖಂಡಿತ ಬೇಡ ಮೇಡಂ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವೇ ಇಲ್ಲ. ಲೇಕ್ ಕಂಟ್ರಿ ಎಂಬ ಪ್ಯಾಡ್ ಕಂಪನಿಯವರ ಹಳೆಯ ಸಿಸಿಎಸ್ ಸಾಲಿನಲ್ಲಿ ಹಳದಿ ಎಂದರೆ ಬಲವಾಗಿ ಕತ್ತರಿಸುವ ಪ್ಯಾಡ್. ರುಪೆಸ್ ಕಂಪನಿಯ ಪ್ಯಾಡುಗಳಲ್ಲಿ ನೀಲಿ ಒರಟಾದದ್ದು, ಹಳದಿ ನಯವಾದದ್ದು, ಬಿಳಿ ಅದಕ್ಕಿಂತಲೂ ನಯವಾದದ್ದು. ಒಂದು ಕಂಪನಿಯ ಹಳದಿಗೆ ಹೊಂದಿಕೊಂಡ ಕೈ ಇನ್ನೊಂದು ಕಂಪನಿಯ ಹಳದಿಯನ್ನು ಅದೇ ನಂಬಿಕೆಯಿಂದ ಎತ್ತಿಕೊಂಡರೆ ಕೊನೆಯ ಹೊಳಪಿನ ಸುತ್ತಿನಲ್ಲಿ ಗೀರು ಎಳೆದಂತಾಗುತ್ತದೆ. ಹಾಗಾಗಿ ಒಂದೇ ಕಂಪನಿಯ ಒಂದೇ ಸಾಲಿನ ಪ್ಯಾಡುಗಳನ್ನು ಕೊಳ್ಳಿ. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡಿದರೆ ಗಟ್ಟಿ-ಮೃದುವಿನ ಅಂದಾಜು ಸಿಗುತ್ತದೆ. ಕಂಪನಿಯ ಹೆಸರೇ ಇಲ್ಲದ ಸೆಟ್‌ಗಳಲ್ಲಿ ನಾಲ್ಕು ಬಣ್ಣದ ಪ್ಯಾಡುಗಳೂ ಒಂದೇ ಫೋಮ್‌ನಿಂದ ಮಾಡಿದವು ಇರುವುದನ್ನು ನಾನು ಕಂಡಿದ್ದೇನೆ.

ಶ್ರೀರಂಗಪಟ್ಟಣ:

ನಮ್ಮ ಬಳಿ ಹಳೆಯ ಬಿಳಿ ವ್ಯಾನ್ ಒಂದಿದೆ. ಕೈಯಿಂದ ಪಾಲಿಶ್ ಹಾಕಿದಾಗ ಬಟ್ಟೆಯೆಲ್ಲ ಬೆಳ್ಳಗಾಯಿತು. ಪೇಂಟ್ ಕಿತ್ತುಬರುತ್ತಿದೆ ಎಂದು ನಿಲ್ಲಿಸಿದೆ. ಇದಕ್ಕೆ ಯಾವ ಪ್ಯಾಡ್ ಸುರಕ್ಷಿತ?

ಬನ್ನಿಮಂಟಪದ ಪೇಂಟರ್:

ಗಾಬರಿಯಾಗಬೇಡಿ. ಹಳೆಯ ಗಾಡಿಗಳ ಬಿಳಿ, ಕೆಂಪು ಬಣ್ಣಗಳು ಎಷ್ಟೋ ಕಡೆ ಸಿಂಗಲ್ ಸ್ಟೇಜ್ ಪೇಂಟ್‌ಗಳು. ಅವುಗಳ ಮೇಲೆ ಪ್ರತ್ಯೇಕ ಕ್ಲಿಯರ್ ಕೋಟ್ ಇರುವುದಿಲ್ಲ, ಬಣ್ಣವೂ ಹೊಳಪೂ ಒಂದೇ ಪದರದಲ್ಲಿರುತ್ತವೆ. ಬಿಸಿಲಿಗೆ ಸತ್ತುಹೋದ ಮೇಲ್ಪದರವೇ ಬಟ್ಟೆಗೆ ಬರುವುದು. ಮಧ್ಯಮ ಫೋಮ್ ಸಾಕು, ಆದರೆ ಪ್ಯಾಡ್ ಬೇಗ ತುಂಬಿಕೊಳ್ಳುವುದರಿಂದ ಪದೇ ಪದೇ ಬದಲಿಸಬೇಕು. ಪೇಂಟಿನಡಿಯ ಪ್ರೈಮರ್ ಬಣ್ಣ ಇಣುಕುತ್ತಿದೆ ಎನಿಸಿದ ಕೂಡಲೇ ನಿಲ್ಲಿಸಿ. ಮೆಟಾಲಿಕ್ ಕಾರಿನಲ್ಲಿ ಪ್ಯಾಡಿಗೆ ಕಾರಿನ ಬಣ್ಣವೇ ಬಂದರೆ ಮಾತ್ರ ಗಾಬರಿಪಡಬೇಕು. ಅಲ್ಲಿ ಕ್ಲಿಯರ್ ಕೋಟ್ ಮುಗಿದಿದೆ ಎಂದೇ ಅರ್ಥ.

ಮಂಡ್ಯ ಕಲ್ಲಹಳ್ಳಿ:

ಎಲ್ಲರ ಸಲಹೆಗೂ ಕೃತಜ್ಞತೆಗಳು. ಈ ಭಾನುವಾರ ಶೆಡ್ಡಿನ ನೆರಳಿನಲ್ಲಿ ಪರೀಕ್ಷೆ ಮಾಡಿದೆ. ವಿನೆಗರ್ ನೀರಿನಿಂದ ಬಿಳಿ ಪೊರೆ ಬಹುಮಟ್ಟಿಗೆ ಹೋಯಿತು. ಮಧ್ಯಮ ಫೋಮ್ ಹಾಗೂ ನಯವಾದ ಪಾಲಿಶ್‌ನಿಂದ ಬಲೆಯಂಥ ಗೀರುಗಳು ಸುಮಾರಾಗಿ ಹೋದವು, ಆದರೆ ನೀರಿನ ಉಂಗುರಗಳ ಅಂಚು ಹಾಗೆಯೇ ಉಳಿಯಿತು. ಪಕ್ಕದ ಚೌಕದಲ್ಲಿ ಅದೇ ಪಾಲಿಶನ್ನು ಮೈಕ್ರೋಫೈಬರ್ ಕಟ್ಟಿಂಗ್ ಪ್ಯಾಡ್ ಮೇಲೆ ಬಳಸಿದಾಗ ಉಂಗುರಗಳೂ ಬಹುತೇಕ ಮರೆಯಾದವು, ಬದಲಿಗೆ ಟಾರ್ಚ್ ಬೆಳಕಿನಲ್ಲಿ ಬೂದು ಮಬ್ಬು ಕಂಡಿತು. ಅದರ ಮೇಲೆ ಮೃದು ಫಿನಿಶಿಂಗ್ ಫೋಮ್ ಹಾಕಿದ ಮೇಲೆ ಮಬ್ಬು ಹೋಗಿ ನೀಲಿ ಬಣ್ಣ ಆಳವಾಗಿ ಕಾಣುತ್ತಿದೆ. ಪಾಲಿಶಿನ ಎಣ್ಣೆ ಗೀರನ್ನು ಮುಚ್ಚಿಟ್ಟಿರಬಹುದೆಂದು ಐಸೊಪ್ರೊಪೈಲ್ ಆಲ್ಕೊಹಾಲನ್ನು ನೀರಿಗೆ ಬೆರೆಸಿ ಒರೆಸಿಯೂ ನೋಡಿದೆ, ಫಲ ಹಾಗೆಯೇ ಇದೆ.

ಈಗ ಉಳಿದಿರುವ ಪ್ರಶ್ನೆಗಳೆಂದರೆ ಇಡೀ ಕಾರಿಗೆ ಮೈಕ್ರೋಫೈಬರ್ ಬೇಕೇ, ಎಷ್ಟು ಪ್ಯಾಡ್ ಬೇಕು, ಮತ್ತು ಪ್ಲಾಸ್ಟಿಕ್ ಬಂಪರ್‌ಗೆ ಏನು ಮಾಡಬೇಕು ಎಂಬುದು.

ಹೆಬ್ಬಾಳ ಡೀಟೇಲರ್:

ಬಹಳ ಶಿಸ್ತಿನಿಂದ ಪರೀಕ್ಷೆ ಮಾಡಿದ್ದೀರಿ, ಓದಿ ಸಂತೋಷವಾಯಿತು. ತಮ್ಮ ಫಲಿತಾಂಶವೇ ಉತ್ತರವನ್ನೂ ಹೇಳುತ್ತಿದೆ. ನೀರಿನ ಉಂಗುರಗಳು ಪೇಂಟನ್ನು ಕೊರೆದಿರುವುದು ನೀರು ನಿಂತು ಬಿಸಿಲಿಗೆ ಒಣಗುವ ಬಾನೆಟ್, ಟಾಪ್ ಮತ್ತು ಡಿಕ್ಕಿಯ ಮುಚ್ಚಳದ ಮೇಲೆ. ಮೈಕ್ರೋಫೈಬರ್ ಅಲ್ಲಿಗೆ ಮಾತ್ರ ಸಾಕು. ನಾಲ್ಕು ಬಾಗಿಲು, ಫೆಂಡರ್‌ಗಳಿಗೆ ಮಧ್ಯಮ ಫೋಮ್‌ನಲ್ಲಿಯೇ ಮುಗಿಸಿ. ಟಾಪ್ ಮೇಲೆ ಕೆಲವು ಉಂಗುರಗಳು ಎರಡು ಸುತ್ತಿನ ನಂತರವೂ ಉಳಿದರೆ ಅವುಗಳ ಬೆನ್ನುಹತ್ತಬೇಡಿ. ವರ್ಷವಿಡೀ ಹೆಚ್ಚು ಬಿಸಿಲು ಬೀಳುವ ಜಾಗವದು, ಅಲ್ಲಿ ಕ್ಲಿಯರ್ ಕೋಟ್ ಉಳಿಸಿಕೊಳ್ಳುವುದೇ ಮೇಲು.

ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಶಾಖ ಉಕ್ಕಿನ ತಗಡಿನಲ್ಲಿ ಹರಡುವಂತೆ ಅಲ್ಲಿ ಹರಡುವುದಿಲ್ಲ, ಮೇಲ್ಮೈಯಲ್ಲಿಯೇ ಕೂಡಿಕೊಳ್ಳುತ್ತದೆ. ಸಾಮಾನ್ಯವಾಗಿ ಸಿಗುವ ಪೇಂಟ್ ಗೇಜ್ ಲೋಹದ ಮೇಲೆ ಮಾತ್ರ ಅಳೆಯುವುದರಿಂದ ಅಲ್ಲಿ ಎಷ್ಟು ಪೇಂಟ್ ಉಳಿದಿದೆ ಎಂದು ತಿಳಿಯುವ ದಾರಿಯೂ ಇಲ್ಲ. ಬಂಪರ್‌ಗೆ ಮಧ್ಯಮ ಅಥವಾ ಮೃದು ಫೋಮ್, ಕಡಿಮೆ ವೇಗ, ಕಡಿಮೆ ಒತ್ತಡ. ಆಗಾಗ ಕೈ ಇಟ್ಟು ಬಿಸಿ ನೋಡಿ.

ಎಷ್ಟು ಪ್ಯಾಡ್ ಎಂಬ ವಿಷಯದಲ್ಲಿ ದಯವಿಟ್ಟು ಜಿಪುಣತನ ಮಾಡಬೇಡಿ. ಒಂದೇ ಪ್ಯಾಡಿನಿಂದ ಇಡೀ ಕಾರು ಮುಗಿಸಲು ಹೋದರೆ ಅರ್ಧದಾರಿಯಲ್ಲಿ ಅದು ಒದ್ದೆಯಾಗಿ, ಬಿಸಿಯಾಗಿ, ಮೆತ್ತಗಾಗಿ ಕತ್ತರಿಸುವುದನ್ನೇ ನಿಲ್ಲಿಸುತ್ತದೆ, ಆಗ ಜನ ಮೆಷಿನ್ ಮೇಲೆ ಭಾರ ಹಾಕಲು ಆರಂಭಿಸುತ್ತಾರೆ. ಮಧ್ಯಮ ಫೋಮ್ ಐದಾರು, ಮೈಕ್ರೋಫೈಬರ್ ಮೂರು, ಫಿನಿಶಿಂಗ್ ಫೋಮ್ ಮೂರು ಇರಲಿ. ಹೊಸ ಪ್ಯಾಡಿಗೆ ಮೊದಲು ಪಾಲಿಶನ್ನು ಮುಖಕ್ಕೆಲ್ಲ ತೆಳುವಾಗಿ ಸವರಿ, ಆಮೇಲೆ ಪ್ರತಿ ಬಾರಿಗೆ ಬಟಾಣಿ ಗಾತ್ರದ ಮೂರು ನಾಲ್ಕು ಹನಿ ಸಾಕು. ಪ್ರತಿ ಚೌಕ ಮುಗಿದ ಮೇಲೆ ಫೋಮನ್ನು ಮೃದು ನೈಲಾನ್ ಬ್ರಷ್‌ನಿಂದ ಉಜ್ಜಿ. ಮೈಕ್ರೋಫೈಬರ್‌ಗೆ ಏರ್ ಕಂಪ್ರೆಸರ್ ಇದ್ದರೆ ಗಾಳಿ ಹೊಡೆಯುವುದು ಅತ್ಯುತ್ತಮ. ಎಳೆಗಳ ನಡುವೆ ಸತ್ತ ಪೇಂಟ್ ಒಣಗಿ ಗಟ್ಟಿಯಾದರೆ ಆ ಪ್ಯಾಡ್ ತಾನೇ ಗೀರು ಹಾಕುತ್ತದೆ.

ಬೋಗಾದಿ ರಸ್ತೆ:

ತೊಳೆಯುವ ವಿಷಯವನ್ನೂ ಸೇರಿಸಿಬಿಡುತ್ತೇನೆ. ಅದೇ ದಿನ ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯವಾದ ಸೋಪಿನ ದ್ರವದಲ್ಲಿ ನೆನೆಸಿ, ಕೈಯಿಂದ ಒತ್ತಿ ಒತ್ತಿ ತೊಳೆಯಿರಿ, ಬಟ್ಟೆಯಂತೆ ಹಿಂಡಿ ತಿರುಚಬೇಡಿ. ನೆರಳಿನಲ್ಲಿ, ಪ್ಯಾಡಿನ ಮುಖ ಕೆಳಗಾಗಿರುವಂತೆ ಜಾಲರಿಯ ಮೇಲಿಟ್ಟು ಒಣಗಿಸಿದರೆ ನೀರು ವೆಲ್ಕ್ರೋ ಅಂಟಿನ ಕಡೆಗೆ ಇಳಿಯುವುದಿಲ್ಲ. ಏಪ್ರಿಲ್ ತಿಂಗಳ ಮಂಡ್ಯದ ಬಿಸಿಲಿನಲ್ಲಿ ಟೆರೇಸಿನ ಮೇಲೆ ಹಾಕಿದರೆ ಫೋಮ್ ಬೇಗ ಪುಡಿಪುಡಿಯಾಗುತ್ತದೆ. ಒತ್ತಿದ ಮೇಲೆ ಮೊದಲಿನ ಆಕಾರಕ್ಕೆ ಮರಳದ, ನಡುವೆ ತಗ್ಗು ಬಿದ್ದ ಪ್ಯಾಡನ್ನು ಡ್ಯಾಶ್‌ಬೋರ್ಡ್ ಒರೆಸಲು ಬಿಟ್ಟು ಪೇಂಟಿನಿಂದ ದೂರವಿಡಿ.

ಬನ್ನಿಮಂಟಪದ ಪೇಂಟರ್:

ಇಷ್ಟು ಜಾಗ್ರತೆ ಇರುವವರಿಗೆ ನಾನು ಉಣ್ಣೆಯ ಒತ್ತಾಯ ಮಾಡುವುದಿಲ್ಲ. ಆದರೆ ಯಾವ ಪ್ಯಾಡ್ ಹಿಡಿದರೂ ಬಾನೆಟ್ಟಿನ ಗೆರೆ, ಬಾಗಿಲ ಅಂಚು, ಫೆಂಡರ್ ತುದಿ ಈ ಮೂರಕ್ಕೂ ಮಾಸ್ಕಿಂಗ್ ಟೇಪ್ ಹಾಕಿಯೇ ಕೆಲಸ ಆರಂಭಿಸಿ. ಅಂಚಿನಲ್ಲಿ ಪೇಂಟ್ ಯಾವಾಗಲೂ ತೆಳುವಾಗಿಯೇ ಕೂರುತ್ತದೆ, ಪ್ಯಾಡಿನ ಭಾರವೆಲ್ಲ ಆ ಒಂದು ಗೆರೆಯ ಮೇಲೆ ಬೀಳುತ್ತದೆ. ನಮ್ಮ ವರ್ಕ್‌ಶಾಪಿಗೆ ಪಾಲಿಶ್ ಕೆಟ್ಟು ಮತ್ತೆ ಪೇಂಟ್‌ಗೆ ಬರುವ ಕಾರುಗಳಲ್ಲಿ ಹೆಚ್ಚಿನವು ಅಂಚು ಸುಟ್ಟುಕೊಂಡು ಬಂದವು. ಪ್ಯಾನೆಲ್ ಮುಗಿದ ಮೇಲೆ ಟೇಪ್ ತೆಗೆದು, ಆ ಒಂದು ಬೆರಳಗಲದ ಜಾಗವನ್ನು ಫಿನಿಶಿಂಗ್ ಪ್ಯಾಡನ್ನು ಕೈಯಲ್ಲೇ ಹಿಡಿದು ನಾಲ್ಕು ಸಲ ಒರೆಸಿದರೆ ಸಾಕು.

ಮಂಡ್ಯ ಕಲ್ಲಹಳ್ಳಿ:

ಟೇಪಿನ ಮಾತು ಬಹಳ ಮುಖ್ಯವಾದದ್ದು, ಪರೀಕ್ಷೆಯ ದಿನ ನಾನು ಅಂಚಿನ ಹತ್ತಿರ ಹೋಗಿರಲಿಲ್ಲ. ಮಧ್ಯಮ ಫೋಮ್ ಇನ್ನೂ ನಾಲ್ಕು, ಫಿನಿಶಿಂಗ್ ಎರಡು ಅದೇ ಕಂಪನಿಯಲ್ಲಿ ತರಿಸುತ್ತಿದ್ದೇನೆ. ಅವು ಬಂದ ಮೇಲೆ ಡಿಕ್ಕಿಯ ಮುಚ್ಚಳದಿಂದ ಆರಂಭಿಸಿ ಟಾಪ್ ಕಡೆಗೆ ಬರುತ್ತೇನೆ, ಬಾಗಿಲುಗಳನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.